ಆಯಿಯ ಶಿವದಾರ

"ನೂರಾ ಐವತ್ತು?" ಸುಜಾತಾ ಮತ್ತೊಮ್ಮೆ ಕೇಳಿದಳು. "ಒಂದ ದಾರಕ್ಕ?"

ಗೋಕಾಕದ ಪೇಟೆಯಲ್ಲಿ ಬೇವಿನ ಗಿಡದ ಕೆಳಗೆ ಗೋಣಿತಟ್ಟು ಹಾಸಿಕೊಂಡು ಕುಳಿತಿದ್ದ ಮುದುಕಿ ತಲೆ ಎತ್ತಲಿಲ್ಲ. ಆಕೆಯ ಹೆಸರು ಮರೆವ್ವ. ಮುಂದೆ ವಿಭೂತಿ ಗಟ್ಟಿಗಳು, ರುದ್ರಾಕ್ಷಿ ಮಣಿಗಳು, ಬಿಳಿಯ ಹತ್ತಿ ದಾರದ ಸುರುಳಿಗಳು ಇದ್ದವು. ಕಾಲಿನ ಹೆಬ್ಬೆರಳಿಗೆ ಎಳೆಗಳನ್ನು ಸಿಕ್ಕಿಸಿಕೊಂಡು ಹೊಸದೊಂದು ದಾರ ಹೊಸೆಯುತ್ತಿದ್ದಳು.

"ಹೂಂ, ಒಂದ ದಾರಕ್ಕ," ಎಂದಳು ಮರೆವ್ವ.

"ಎಪ್ಪತ್ತಕ್ಕ ಕೊಡ್ತೀರೇನ್ರಿ?"

"ಇಲ್ಲವಾ."

"ಎಂಬತ್ತು?"

"ಭಾಳ ಶಾಣ್ಯಾಕಿ ಅದಿ. ಆದ್ರ ಇಲ್ಲ."

ಸುಜಾತಾ ಎದ್ದು ನಿಂತಳು. ವ್ಯಾಪಾರದಲ್ಲಿ ಎದ್ದು ನಾಲ್ಕು ಹೆಜ್ಜೆ ನಡೆದರೆ ಹಿಂದಿನಿಂದ ಕರೆಯುತ್ತಾರೆ. ಇದನ್ನು ಅವಳು ಆಯಿಯಿಂದಲೇ ಕಲಿತಿದ್ದಳು. ಅವಳ ಅಜ್ಜಿ ಕೆಂಚವ್ವನನ್ನು ಮನೆಯಲ್ಲಿ ಎಲ್ಲರೂ ಆಯಿ ಎನ್ನುತ್ತಿದ್ದರು. ಕೋತಂಬರಿ ಮಾರುವವಳು ಬಾಗಿಲಿಗೆ ಬಂದರೆ ಆಯಿ ಎರಡು ರೂಪಾಯಿ ಬಿಡಿಸದೆ ಒಳಗೆ ಹೋಗುತ್ತಿರಲಿಲ್ಲ.

ಸುಜಾತಾ ನಾಲ್ಕು ಹೆಜ್ಜೆ ನಡೆದಳು. ಐದು, ಆರು, ಏಳು. ಮರೆವ್ವ ಕರೆಯಲಿಲ್ಲ.

ಅಪ್ಪ ಬಸವಲಿಂಗ ಎದುರು ಅಂಗಡಿಯಲ್ಲಿ ಪಂಪಿನ ಸಾಮಾನು ಕೊಳ್ಳುತ್ತಿದ್ದ. ಅವನು ಬರುವ ಮೊದಲು ಕೆಲಸ ಮುಗಿಯಬೇಕಿತ್ತು. ಬಾಜೂದಲ್ಲಿ ಒಂದು ಫ್ಯಾನ್ಸಿ ಸ್ಟೋರ್ ಇತ್ತು. ಅದರ ಬಾಗಿಲಲ್ಲಿ ಬಳೆ, ರಿಬ್ಬನ್, ಕೀ ಚೈನುಗಳ ನಡುವೆ ಕೇಸರಿ ಬಣ್ಣದ ಶಿವದಾರಗಳ ಗೊಂಚಲು ತೂಗುತ್ತಿತ್ತು. ಬಿಸಿಲಿಗೆ ಅವು ಮಿರಮಿರ ಮಿಂಚುತ್ತಿದ್ದವು.

"ಐವತ್ತು ರೂಪಾಯಿ," ಎಂದ ಅಂಗಡಿಯ ಕಿಶೋರ. "ನೈಲಾನ್ ಐತಿ. ಹರಿಯಂಗಿಲ್ಲ, ಕರಗಂಗಿಲ್ಲ. ಗ್ಯಾರಂಟಿ."

"ನಲವತ್ತಕ್ಕ ಕೊಡ್ರಿ."

"ತಗೋ ಮಾರಾಯ್ತಿ, ಬೋಣಿ ಟೈಮ್ ಐತಿ."

ಆಯಿ ಕೊಟ್ಟಿದ್ದು ಒಂದು ನೂರರ ನೋಟು, ಒಂದು ಐವತ್ತರ ನೋಟು. "ಮರೆವ್ವನ ಹಂತೇಕ ತಗೋ, ಬೇವಿನ ಗಿಡದ ಕೆಳಗ ಕೂತಿರ್ತಾಳ," ಎಂದಿದ್ದಳು. ಈಗ ನೂರರ ನೋಟು ಹಾಗೆಯೇ ಉಳಿದಿತ್ತು, ಜೊತೆಗೆ ಹತ್ತು ರೂಪಾಯಿ ಬೇರೆ. ಸುಜಾತಾ ಎರಡನ್ನೂ ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ತುಕ್ಕಾನಟ್ಟಿಗೆ ಹೋಗುವ ದಾರಿಯುದ್ದಕ್ಕೂ, ಅಪ್ಪನ ಬೈಕಿನ ಹಿಂದೆ ಕುಳಿತು, ಆಯಿ ಏನೆಂದು ಹೊಗಳಬಹುದು ಎಂದು ಯೋಚಿಸಿದಳು.

*

ಆಯಿ ಅಂಗಳದ ಕಟ್ಟೆಯ ಮೇಲೆ ಕುಳಿತಿದ್ದಳು. ಬೇಸಿಗೆಯಲ್ಲಿ ಅವಳ ಗಂಡ, ಸುಜಾತಾಳ ಮುತ್ಯಾ ದುಂಡಪ್ಪ ಲಿಂಗೈಕ್ಯನಾದ ಮೇಲೆ ಅವಳು ಪೇಟೆಗೆ ಹೋಗಿರಲಿಲ್ಲ. ಪೇಟೆಗೆ ಹೋಗುವುದೆಂದರೆ ಮುತ್ಯಾನ ಜೊತೆ ಹೋಗುವುದು. ನಲವತ್ತೈದು ವರ್ಷ ಹಾಗೆಯೇ ನಡೆದಿತ್ತು.

ಆಯಿಯ ಎದೆಯ ಮೇಲೆ ಸದಾ ಇಷ್ಟಲಿಂಗ ಇರುತ್ತಿತ್ತು. ನಿಂಬೆಹಣ್ಣಿನಷ್ಟು ದೊಡ್ಡ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಕರಡಿಗೆಯ ಎರಡು ಕಿವಿಗಳಲ್ಲಿ ಪೋಣಿಸಿ ಕೊರಳಿಗೆ ಕಟ್ಟುವ ದಾರವೇ ಶಿವದಾರ. ಹಳೆಯ ದಾರಕ್ಕೆ ಮೂರು ವರ್ಷವಾಗಿತ್ತು. ದಿನವೂ ನೀರು, ಬೆವರು, ವಿಭೂತಿ ಕುಡಿದು ಕಂದಾಗಿತ್ತು. ಶ್ರಾವಣ ಬಂತು, ಇನ್ನು ಬದಲಿಸಬೇಕು ಎಂದು ಆಯಿಯೇ ಹೇಳಿದ್ದಳು.

"ತಗೋ ಆಯಿ, ದಾರ. ಮತ್ತ ಇದು ಉಳದ ರೊಕ್ಕ."

ಆಯಿ ಕೇಸರಿ ದಾರವನ್ನು ಕೈಗೆ ತೆಗೆದುಕೊಂಡಳು. ಹೆಬ್ಬೆರಳಿನಿಂದ ಅದನ್ನು ಒಮ್ಮೆ ಸವರಿದಳು. ಆಮೇಲೆ ಮಡಿಚಿದ ನೋಟುಗಳನ್ನು ನೋಡಿದಳು. ಆಮೇಲೆ ಮೊಮ್ಮಗಳ ಮುಖ ನೋಡಿದಳು.

"ಮರೆವ್ವ ನೂರಾ ಐವತ್ತು ಅಂದ್ಲು," ಎಂದಳು ಸುಜಾತಾ. "ನಾ ಏನ್ ಹುಚ್ಚಿ ಏನು? ಬಾಜೂ ಅಂಗಡ್ಯಾಗ ಬರೇ ನಲವತ್ತು. ಐವತ್ತ ಹೇಳಿದ್ದ, ಹತ್ತು ಬಿಡಿಸೇನಿ."

"ಚಂದ ಐತವಾ ಬಣ್ಣ," ಎಂದಳು ಆಯಿ. ನೋಟುಗಳನ್ನು ಅಡಕೆ ಚೀಲದ ಒಳ ಅರೆಯಲ್ಲಿ ಇಟ್ಟುಕೊಂಡಳು.

ಸೋಮವಾರ ಪೂಜೆಗೆ ಕುಳಿತಾಗ ಆಯಿ ಹಳೆಯ ದಾರದ ಗಂಟು ಬಿಚ್ಚಲು ನೋಡಿದಳು. ಬರಲಿಲ್ಲ. ಉಗುರು ಹಾಕಿದಳು, ಹಲ್ಲಿನಿಂದ ಎಳೆದಳು. ಅದನ್ನು ಮೂರು ವರ್ಷದ ಹಿಂದೆ ಮುತ್ಯಾ ಕಟ್ಟಿದ್ದ. ದಾರ ತರುವುದೂ ಗಂಟು ಹಾಕುವುದೂ ಅವನದೇ ಕೆಲಸವಾಗಿತ್ತು.

ಕೊನೆಗೆ ಎಡಗೈಯಲ್ಲಿ ಕರಡಿಗೆ ಹಿಡಿದುಕೊಂಡು, "ಕತ್ತರಿ ತಾ," ಎಂದಳು. ಗಂಟಿನಿಂದ ಸ್ವಲ್ಪ ದೂರದಲ್ಲಿ ದಾರವನ್ನು ಕತ್ತರಿಸಿದಳು. ಹಳೆಯ ದಾರವನ್ನು ಗಂಟಿನ ಸಮೇತ ಬಿಳಿ ಬಟ್ಟೆಯಲ್ಲಿ ಸುತ್ತಿ ಪೂಜೆಯ ಪೆಟ್ಟಿಗೆಯಲ್ಲಿಟ್ಟಳು. ಕತ್ತರಿಸಿದ ದಾರವನ್ನು ಯಾಕೆ ಇಟ್ಟುಕೊಳ್ಳಬೇಕು ಎಂದು ಸುಜಾತಾಳಿಗೆ ತಿಳಿಯಲಿಲ್ಲ.

ಹೊಸ ದಾರಕ್ಕೆ ಆಯಿ ತಾನೇ ಗಂಟು ಹಾಕಿಕೊಂಡಳು. ಗಂಟು ಜಾರಿತು. ಮತ್ತೆ ಹಾಕಿದಳು. ಮೂರನೆಯ ಸಲ ಎರಡು ಗಂಟು ಹಾಕಿ, ಅದರ ಮೇಲೊಂದು ಹಾಕಿ, ಸೆರಗು ಹೊದ್ದುಕೊಂಡಳು.

*

ಶ್ರಾವಣ ಹೋಯಿತು, ದಸರೆಯ ರಜೆ ಬಂತು. ಹೊಲದ ಮೆಕ್ಕೆಜೋಳದ ತೆನೆ ಮುರಿದು, ಮಷಿನ್ನಿಗೆ ಹಾಕಿ, ಕಾಳನ್ನು ಅಂಗಳದಲ್ಲಿ ತಾಡಪತ್ರಿಯ ಮೇಲೆ ಒಣಗಿಸಿದ್ದರು. ಹಳದಿ ಕಾಳಿನ ಆ ರಾಶಿಯನ್ನು ಇಂದು ಗೋಕಾಕದ ಮಾರುಕಟ್ಟೆಗೆ ಸಾಗಿಸಬೇಕು. ಒಂಬತ್ತು ಗಂಟೆಗೆ ಶಿದ್ರಾಮನ ಟೆಂಪೋ ಬರುವುದಿತ್ತು.

ಬೆಳಗಾಗುವ ಮೊದಲೇ ಎಲ್ಲರೂ ಕೆಲಸಕ್ಕೆ ನಿಂತಿದ್ದರು. ಅಪ್ಪ ಕಬ್ಬಿಣದ ಬುಟ್ಟಿಯಲ್ಲಿ ಕಾಳು ತುಂಬಿ ಚೀಲಕ್ಕೆ ಸುರಿಯುತ್ತಿದ್ದ. ಆಯಿ ಬಗ್ಗಿ ಚೀಲದ ಬಾಯಿ ಹಿಡಿಯುತ್ತಿದ್ದಳು. ಅವ್ವ ದಬ್ಬಣದಿಂದ ಹೊಲಿಯುತ್ತಿದ್ದಳು. ಸುಜಾತಾ ಚೆಲ್ಲಿದ ಕಾಳನ್ನು ಗುಡಿಸಿ ಕೂಡಿಸುತ್ತಿದ್ದಳು.

"ಆಯಿ, ನೀ ಬಿಡು, ನಡ ನೋಯ್ತೈತಿ," ಎಂದಳು ಅವ್ವ.

"ಚೀಲದ ಬಾಯಿ ಹಿಡ್ಯಾಕ ನಡ ಯಾಕ ಬೇಕ ಲಕ್ಷ್ಮೀ? ಕೈ ಅದಾವಲ್ಲ."

ಹನ್ನೊಂದು ಚೀಲ ತುಂಬಿದವು. ಹನ್ನೊಂದರ ಬಾಯಿಯೂ ಹೊಲಿದಾಯಿತು. ಆಯಿ ಸ್ನಾನಕ್ಕೆ ಹೋದಳು. ಸ್ನಾನ, ಆಮೇಲೆ ಲಿಂಗಪೂಜೆ, ಆಮೇಲೆ ಚಹಾ. ಅದಕ್ಕೂ ಮೊದಲು ಆಯಿ ನೀರನ್ನೂ ಕುಡಿಯುವವಳಲ್ಲ. ಜ್ವರ ಬಂದಾಗಲೂ, ಮುತ್ಯಾ ಹೋದ ದಿನವೂ ಆ ಕ್ರಮ ತಪ್ಪಿರಲಿಲ್ಲ.

ಸ್ನಾನಕ್ಕೆ ಹೋದವಳು ಹೋದ ಹಾಗೆಯೇ ಹೊರಗೆ ಬಂದಳು. ಬಲಗೈ ಎದೆಯ ಮೇಲಿತ್ತು. ಎಡಗೈಯಲ್ಲಿ ಕೇಸರಿ ದಾರ ಉದ್ದಕ್ಕೆ ಜೋತುಬಿದ್ದಿತ್ತು. ಅದು ಎಲ್ಲಿಯೂ ಹರಿದಿರಲಿಲ್ಲ. ಗಂಟು ಮಾತ್ರ ಇರಲಿಲ್ಲ, ಕರಡಿಗೆಯೂ ಇರಲಿಲ್ಲ.

"ಬಸವಲಿಂಗಾ," ಎಂದಳು ಆಯಿ. ದನಿ ಏರಿರಲಿಲ್ಲ. "ಲಿಂಗ ಜಾರೇತಪಾ."

ಅಪ್ಪನ ಕೈಯಿಂದ ಬುಟ್ಟಿ ಕೆಳಗೆ ಬಿತ್ತು.

ಎಲ್ಲರೂ ಹುಡುಕಿದರು. ಹಾಸಿಗೆ ಕೊಡವಿದರು, ಬಚ್ಚಲು ನೋಡಿದರು, ಅಂಗಳ ಗುಡಿಸಿದರು, ತಾಡಪತ್ರಿಯನ್ನು ಎತ್ತಿ ಜಾಡಿಸಿದರು. ಎಲ್ಲಿಯೂ ಇಲ್ಲ. ಕೊನೆಗೆ ಎಲ್ಲರ ಕಣ್ಣೂ ಗೋಡೆಗೆ ಒರಗಿಸಿದ್ದ ಹನ್ನೊಂದು ಚೀಲಗಳ ಮೇಲೆ ನಿಂತವು. ಆಯಿ ಆ ಚೀಲಗಳ ಮೇಲೆಯೇ ಬಗ್ಗಿದ್ದಳು.

ಅಷ್ಟರಲ್ಲಿ ಟೆಂಪೋ ಬಂತು.

"ಏನ್ರಿ ಬಸಣ್ಣಾರ, ಲೋಡ್ ಮಾಡೂಣೇನ್ರಿ?" ಎಂದು ಶಿದ್ರಾಮ ಇಳಿದ. ವಿಷಯ ಕೇಳಿ ತಲೆ ಕೆರೆದುಕೊಂಡ. "ಹನ್ನೊಂದ ಚೀಲದಾಗ ಒಂದು ನಿಂಬಿಹಣ್ಣು ಹುಡುಕೂದು ಅಂದ್ರ ಸಂಜಿ ಆಗ್ತೈತಿ. ಆಯಿ, ನೀವು ಒಂದೀಟು ಚಹಾ ಕುಡೀರಿ. ಮಾರುಕಟ್ಟಿಯೊಳಗ ಚೀಲ ಸುರೂತಾರ, ಅಲ್ಲೇ ಸಿಗ್ತೈತಿ."

"ಚೀಲ ಬಾಗಲ ದಾಟೂದು ಬ್ಯಾಡ," ಎಂದ ಅಪ್ಪ.

"ಆಯಿ, ಬಿಪಿ ಗುಳಿಗಿ ತಗೊಳ್ಳೂ ಹೊತ್ತಾತು," ಎಂದಳು ಅವ್ವ, ಮೆಲ್ಲಗೆ. "ಗುಳಿಗಿಗೆ ಒಂದ ಗುಟುಕು ನೀರು..."

ಆಯಿ ಕಟ್ಟೆಯ ಮೇಲೆ ಕುಳಿತು ಕೈ ಅಡ್ಡ ಆಡಿಸಿದಳು. "ಲಿಂಗ ಎಲ್ಲೂ ಹೋಗಂಗಿಲ್ಲ ಲಕ್ಷ್ಮೀ. ದೂರ ಆದಾಕಿ ನಾನು. ಸಿಗೂ ತನಕ ಕೂತಿರ್ತೀನಿ." ಆಮೇಲೆ ಅಪ್ಪನಿಗೆ ಹೇಳಿದಳು, "ಯಾರನ್ನೂ ಏನೂ ಅನಬ್ಯಾಡ. ಗಂಟು ಕಟ್ಟಿದಾಕಿ ನಾನ. ನನಗ ಗಂಟು ಕಟ್ಟಾಕ ಬರಂಗಿಲ್ಲ, ಅಷ್ಟ."

ಸುಜಾತಾಳಿಗೆ ಆಯಿ ಬೈದಿದ್ದರೆ ಚೆನ್ನಾಗಿತ್ತು ಎನಿಸಿತು.

ಅಪ್ಪ ಮೊದಲ ಚೀಲದ ಹೊಲಿಗೆ ಬಿಚ್ಚಿ ತೋಳು ಒಳಗೆ ಇಳಿಸಿದ. ಮೊಣಕೈವರೆಗೆ ಹೋಯಿತು, ಭುಜದವರೆಗೆ ಹೋಯಿತು. ತಳ ಸಿಗಲಿಲ್ಲ. ಅವ್ವ ಎರಡನೆಯದನ್ನು ಬಿಚ್ಚಿದಳು. ಹೊತ್ತು ಏರುತ್ತಿತ್ತು. ಆಯಿ ಕಣ್ಣು ಮುಚ್ಚಿ ಕುಳಿತಿದ್ದಳು. ತುಟಿಗಳು ಮಾತ್ರ ಅಲುಗುತ್ತಿದ್ದವು. ಅವುಗಳ ಬಣ್ಣ ಬೂದಿಯಂತೆ ಆಗಿತ್ತು.

ಸುಜಾತಾ ಕಟ್ಟೆಯ ಹತ್ತಿರ ಹೋಗಿ ನಿಂತಳು.

"ಆಯಿ, ಗಂಟಿಂದು ತಪ್ಪಲ್ಲ," ಎಂದಳು. "ದಾರಾನ ಜಾರ್ತೈತಿ. ನಾ ಅಗ್ಗದ್ದು ತಂದೆ."

"ಗೊತ್ತೈತಿ."

"ಯಾವಾಗಿಂದ?"

"ಕೈಯಾಗ ಹಿಡದಾಗಿಂದ."

"ಮತ್ತ ಯಾಕ ಕಟಗೊಂಡಿ?"

ಆಯಿ ಕಣ್ಣು ತೆರೆದಳು. "ನೀ ಅಷ್ಟು ಖುಷೀಲೆ ತಂದಿದ್ದಿ. ನಿಮ್ಮ ಮುತ್ಯಾ ಹೋದ ಮ್ಯಾಲ ನನಗ ಅಂತ ಪ್ಯಾಟಿಯಿಂದ ಯಾರರ ಏನರ ತಂದಿದ್ದು ಅದ ಮೊದಲು." ಕೇಸರಿ ದಾರವನ್ನು ಪಕ್ಕಕ್ಕಿಟ್ಟು ಹೇಳಿದಳು, "ನಿಂದ ತಪ್ಪು ಅಲ್ಲವಾ. ಗೊತ್ತಿದ್ದೂ ಕಟಗೊಂಡಿದ್ದು ನಂದು."

ಸುಜಾತಾ ಅಲ್ಲಿ ನಿಲ್ಲಲಾರದೆ ಅಂಗಳಕ್ಕೆ ಬಂದಳು. ಮುಂಜಾನೆ ಅಪ್ಪನ ಕೈಯಿಂದ ಬಿದ್ದ ಕಬ್ಬಿಣದ ಬುಟ್ಟಿ ಅಲ್ಲಿಯೇ ಬಿದ್ದಿತ್ತು. ಅದನ್ನು ಸರಿಸಲು ಹೋದಾಗ ಅವಳ ಬಳೆ ಬುಟ್ಟಿಗೆ ತಗುಲಿ ಠಣ್ ಎಂದಿತು. ಅವಳು ಬುಟ್ಟಿಯನ್ನೇ ನೋಡುತ್ತ ನಿಂತಳು.

"ಅಪ್ಪಾ, ಕೈ ಹಾಕಬ್ಯಾಡ," ಎಂದಳು. "ಚೀಲ ಬಗ್ಗಿಸಿ ಬುಟ್ಟಿಯೊಳಗ ಸಾವಕಾಶ ಸುರು. ಕಾಳಿನ ಸಪ್ಪಳ ಬ್ಯಾರೆ, ಬೆಳ್ಳಿ ಸಪ್ಪಳ ಬ್ಯಾರೆ. ನಾ ಕೇಳ್ತೀನಿ."

ಅಪ್ಪ ಅವ್ವನ ಮುಖ ನೋಡಿದ. ಶಿದ್ರಾಮ ಅಂಗಿಯ ತೋಳು ಮೇಲೆ ಮಾಡಿಕೊಂಡು ಬಂದು ಚೀಲದ ಒಂದು ಮೂಲೆ ಹಿಡಿದ. "ಹುಡುಗಿ ಬರೋಬ್ಬರಿ ಹೇಳ್ತೈತಿ. ಹಿಡೀರಿ ಬಸಣ್ಣಾರ."

ಸುಜಾತಾ ಬುಟ್ಟಿಯ ಹತ್ತಿರ ಮೊಣಕಾಲೂರಿ ಕುಳಿತು ಕಿವಿ ಒಡ್ಡಿದಳು. ಸರ್ ಎಂದು ಕಾಳು ಬಿದ್ದವು. ಬುಟ್ಟಿ ಅರ್ಧ ತುಂಬುವ ಮೊದಲೇ ಖಾಲಿ ಮಾಡಬೇಕು, ಇಲ್ಲದಿದ್ದರೆ ಸಪ್ಪಳ ಹುಗಿದುಹೋಗುತ್ತದೆ. ಮತ್ತೆ ಸುರಿದರು, ಮತ್ತೆ ಖಾಲಿ ಮಾಡಿದರು. ಒಂದನೆಯ ಚೀಲ ಮುಗಿಯಿತು, ಎರಡನೆಯದೂ ಮುಗಿಯಿತು. ಮೂರನೆಯದರಲ್ಲಿ ಶಿದ್ರಾಮನ ಫೋನು ಜೋರಾಗಿ ಹಾಡತೊಡಗಿತು.

"ಕಾಕಾ, ಫೋನ್ ಬಂದ್ ಮಾಡ್ರಿ."

"ಮಾಡಿದ್ನವಾ, ಮಾಡಿದ್ನಿ," ಎಂದು ಅವನು ಫೋನನ್ನು ಟೆಂಪೋದಲ್ಲಿ ಎಸೆದು ಬಂದ.

ಐದನೆಯ ಚೀಲದಲ್ಲಿ ಟಣ್ ಎಂದಿತು. ಎಲ್ಲರೂ ಬಗ್ಗಿದರು. ಅದೊಂದು ಕಲ್ಲು. ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು ಆಯಿಯ ಕಡೆ ನೋಡಿದ. ಆಯಿ ಈಗ ಕಂಬಕ್ಕೆ ಒರಗಿದ್ದಳು.

ಆರು. ಏಳು. ಎಂಟು. ಸುಜಾತಾಳ ಕಿವಿಯಲ್ಲಿ ಕಾಳಿನ ಸಪ್ಪಳ ಬಿಟ್ಟು ಬೇರೆ ಏನೂ ಉಳಿಯಲಿಲ್ಲ. ಧೂಳಿಗೆ ಕಣ್ಣು ಉರಿಯುತ್ತಿದ್ದವು. 'ಶಿವನೇ, ನನಗ ಏನೂ ಬ್ಯಾಡ, ಆಯಿ ನೀರು ಕುಡೀಲಿ,' ಎಂದು ಮನಸ್ಸಿನಲ್ಲಿಯೇ ಅಂದುಕೊಂಡಳು.

ಒಂಬತ್ತನೆಯ ಚೀಲ ಬಗ್ಗಿತು. ಸರ್ ಎಂದು ಕಾಳು ಬಂದವು. ನಡುವೆ ಒಂದು ಸಣ್ಣ ಸಪ್ಪಳವಾಯಿತು. ಕಲ್ಲಿನದಲ್ಲ. ದೂರದಲ್ಲಿ ಯಾರೋ ಗಂಟೆಯನ್ನು ಬೆರಳಿನಿಂದ ಮುಟ್ಟಿದ ಹಾಗೆ.

"ನಿಲ್ಲಸ್ರಿ."

ಅವಳು ಎರಡೂ ಕೈ ಬುಟ್ಟಿಯಲ್ಲಿ ಇಳಿಸಿದಳು. ಹಳದಿ ಕಾಳುಗಳ ನಡುವೆ ನುಣುಪಾದ, ತಣ್ಣನೆಯ ಒಂದು ಗುಂಡು ಬೆರಳಿಗೆ ತಾಗಿತು. ಅವಳು ತಾನೇ ಎತ್ತಲಿಲ್ಲ. "ಇಲ್ಲೈತಿ. ಆಯಿ, ಇಲ್ಲೈತಿ," ಎಂದಳಷ್ಟೆ.

ಆಯಿ ಬಂದು ಬುಟ್ಟಿಯ ಮುಂದೆ ಕುಳಿತಳು. ಸೆರಗು ಒಡ್ಡಿ ಕರಡಿಗೆಯನ್ನು ಎತ್ತಿಕೊಂಡು ಕಣ್ಣಿಗೆ ಒತ್ತಿಕೊಂಡಳು. ಶಿದ್ರಾಮ ತಲೆಯ ಟವೆಲು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ.

ಸ್ನಾನ ಆಯಿತು, ಪೂಜೆ ಆಯಿತು. ಪೂಜೆ ಮುಗಿಸಿ ಕರಡಿಗೆಯನ್ನು ಬೇರೊಂದು ಬಿಳಿ ಬಟ್ಟೆಯಲ್ಲಿ ಸುತ್ತಿ, ಅದನ್ನೇ ಕೊರಳಿಗೆ ಕಟ್ಟಿಕೊಂಡು, ಆಯಿ ಒಂದು ಲೋಟ ನೀರು ಕುಡಿದಳು. ಎರಡು ತುತ್ತು ತಿಂದು ಗುಳಿಗೆ ನುಂಗಿದಳು. ಗಂಟೆ ಹನ್ನೆರಡು ದಾಟಿತ್ತು. ಆಮೇಲೆ ಎಲ್ಲರಿಗೂ ಚಹಾ ಬಂತು.

*

ಮತ್ತೆ ಚೀಲ ತುಂಬಿ ಹೊಲಿದು ಟೆಂಪೋ ಹೊರಡುವಾಗ ಆಯಿ ಸುಜಾತಾಳನ್ನು ಕರೆದಳು. ಅಡಕೆ ಚೀಲದ ಒಳ ಅರೆಯಿಂದ ನೋಟುಗಳನ್ನು ತೆಗೆದಳು. ನೂರರ ನೋಟು, ಹತ್ತರ ನೋಟು. ಸುಜಾತಾ ಅಂದು ಮಡಿಚಿದ್ದ ನಾಲ್ಕು ಮಡಿಕೆ ಹಾಗೆಯೇ ಇತ್ತು. ಅದರ ಮೇಲೆ ಇನ್ನೂ ನಲವತ್ತು ಇಟ್ಟಳು.

"ಅಪ್ಪನ ಕೂಡ ಹೋಗಿ ಬಾ," ಎಂದಳು.

ಬೇವಿನ ಗಿಡದ ಕೆಳಗೆ ಮರೆವ್ವ ಅದೇ ಗೋಣಿತಟ್ಟಿನ ಮೇಲೆ ಕುಳಿತಿದ್ದಳು.

"ಆವತ್ತು 'ಒಂದ ದಾರಕ್ಕ?' ಅಂತ ಕೇಳಿ ಎದ್ದ ಹೋದಾಕಿ ನೀನ ಅಲ್ಲೇನ?" ಎಂದಳು. "ಏಳ ಹೆಜ್ಜಿ ಹೋಗಿದ್ದಿ, ನಾ ಎಣಿಸೇನಿ."

ಸುಜಾತಾ ತಲೆ ತಗ್ಗಿಸಿದಳು. "ಒಂದ ಶಿವದಾರ ಕೊಡ್ರಿ. ನಮ್ಮ ಆಯಿಗೆ."

"ಯಾವೂರು ನಿಮ್ಮ ಆಯಿ?"

"ತುಕ್ಕಾನಟ್ಟಿ. ಕೆಂಚವ್ವ ಅಂತ."

ಮರೆವ್ವನ ಮುಖ ಅರಳಿತು. "ದುಂಡಪ್ಪ ಗೌಡ್ರ ಮೊಮ್ಮಗಳೇನ? ಆವತ್ತ ಹೇಳಬಾರದೇನವಾ? ಎಲ್ಲಿ ಅವರು? ಪ್ಯಾಟ್ಯಾಗ ಅದಾರ? ಈ ವರ್ಷ ಬರಲೇ ಇಲ್ಲ."

ಸುಜಾತಾ ಏನು ಹೇಳಬೇಕು ಎಂದು ಹುಡುಕಿದಳು. ಈ ಮಾತನ್ನು ಇಲ್ಲಿಯವರೆಗೆ ಯಾವಾಗಲೂ ದೊಡ್ಡವರೇ ಹೇಳುತ್ತಿದ್ದರು.

"ಮುತ್ಯಾ ಇಲ್ರಿ," ಎಂದಳು. "ಬ್ಯಾಸಿಗ್ಯಾಗ ಲಿಂಗೈಕ್ಯ ಆದ್ರು."

ಮರೆವ್ವನ ಕೈ ನಿಂತಿತು. ಕಾಲ್ಬೆರಳಿಗೆ ಸಿಕ್ಕಿಸಿದ್ದ ಎಳೆಗಳು ಸಡಿಲಾದವು. ಆಮೇಲೆ ಆಕೆ ಪಕ್ಕದ ಸುರುಳಿಗಳಲ್ಲಿ ಹುಡುಕಿ, ಒಂದು ದಾರ ಎಳೆದು, ಮೊಳ ಹಾಕಿ ಅಳೆದಳು.

"ಕೆಂಚಕ್ಕನ ಅಳತಿ ನನಗ ಗೊತ್ತೈತಿ. ತಗೋ."

ಸುಜಾತಾ ದಾರವನ್ನು ಬೆರಳುಗಳ ನಡುವೆ ಎಳೆದು ನೋಡಿದಳು. ಅದು ಮಿಂಚುತ್ತಿರಲಿಲ್ಲ. ಕೇಸರಿ ದಾರದಂತೆ ಜಾರಲೂ ಇಲ್ಲ. ಬೆರಳನ್ನು ಮೆಲ್ಲಗೆ ಹಿಡಿದುಕೊಂಡಂತೆ ಬಂತು.

"ಒಂದ ದಾರ ಮಾಡಾಕ ಎಷ್ಟ ಹೊತ್ತು ಬೇಕ್ರಿ?"

"ಇದನ್ನ ನಿನ್ನಿ ಮುಂಜಾನಿ ಹಿಡದೀನಿ," ಎಂದು ಮರೆವ್ವ ಕಾಲ್ಬೆರಳಿನ ಎಳೆ ತೋರಿಸಿದಳು. "ಇನ್ನೂ ಗೇಣುದ್ದ ಉಳದೈತಿ."

ಸುಜಾತಾ ನೋಟುಗಳನ್ನು ಮುಂದೆ ಚಾಚಿದಳು. ಮರೆವ್ವ ನೂರರ ನೋಟು ಮಾತ್ರ ತೆಗೆದುಕೊಂಡಳು. "ಸಾಕು. ಗೌಡ್ರ ಮನಿ ಕೂಸು ನೀನು."

"ಮುತ್ಯಾ ಎಷ್ಟ ಕೊಡ್ತಿದ್ರು?"

"ಅವ್ರೇನವಾ, ನಾ ಹೇಳಿದಷ್ಟ ಕೊಡ್ತಿದ್ರು. ಒಂದ ದಿನ ಕಮ್ಮಿ ಮಾಡು ಅಂದವ್ರಲ್ಲ."

ಸುಜಾತಾ ಉಳಿದ ಐವತ್ತನ್ನು ಗೋಣಿತಟ್ಟಿನ ಮೇಲೆ, ವಿಭೂತಿ ಗಟ್ಟಿಯ ಕೆಳಗೆ ಇಟ್ಟಳು. ಮರೆವ್ವ ಬೇಡ ಎನ್ನುವ ಮೊದಲೇ ಕೇಳಿದಳು, "ಇದಕ್ಕ ಗಂಟು ಹ್ಯಾಂಗ ಹಾಕಬೇಕ್ರಿ?"

"ದಾರ ನಂದು, ಗಂಟು ನಿಮ್ಮ ಮುತ್ಯಾಂದು," ಎಂದಳು ಮರೆವ್ವ. "ಅದನ್ನ ಅವರ ಕಡೆನ ಕೇಳಬೇಕಿತ್ತು."

*

ಮರುದಿನ ಆಯಿ ಪೂಜೆಗೆ ಕುಳಿತಾಗ ಸುಜಾತಾ ಹತ್ತಿರ ಬಂದು ಕುಳಿತಳು.

"ಆಯಿ, ಹಳೇ ದಾರ ಕೊಡು."

"ಯಾಕ?"

"ಕೊಡು ಬೇ."

ಆಯಿ ಪೆಟ್ಟಿಗೆ ತೆರೆದು ಬಿಳಿ ಬಟ್ಟೆಯ ಸುರುಳಿಯನ್ನು ಕೊಟ್ಟಳು. ಸುಜಾತಾ ಹಳೆಯ ದಾರವನ್ನು ಬಿಡಿಸಿ ತನ್ನ ಮೊಣಕಾಲಿನ ಮೇಲೆ ಹಾಸಿಕೊಂಡಳು. ಮೂರು ವರ್ಷದ ಗಂಟು ಇನ್ನೂ ಹಾಗೆಯೇ ಇತ್ತು. ಅದರ ಒಂದು ಎಳೆ ಮೇಲಿನಿಂದ ಬಂದು ಕೆಳಗೆ ಹೋಗಿ ತನ್ನನ್ನೇ ಎರಡು ಸಲ ಸುತ್ತಿಕೊಂಡಿತ್ತು. ಇನ್ನೊಂದು ಎಳೆ ಎದುರಿನಿಂದ ಬಂದು ಹಾಗೆಯೇ ಮಾಡಿತ್ತು. ಸುಜಾತಾ ಬೆರಳಿನಿಂದ ಆ ದಾರಿಯನ್ನು ಒಮ್ಮೆ ನಡೆದಳು, ಮತ್ತೊಮ್ಮೆ ನಡೆದಳು.

ಆಮೇಲೆ ಆಯಿ ಹಿಡಿದಿದ್ದ ಕರಡಿಗೆಯ ಕಿವಿಗಳಲ್ಲಿ ಹೊಸ ದಾರವನ್ನು ಪೋಣಿಸಿ, ಆಯಿಯ ಹಿಂದೆ ಹೋಗಿ ನಿಂತಳು. ಮೊದಲ ಸಲ ತಪ್ಪಿತು. ಎರಡನೆಯ ಸಲ ಗಂಟು ಚಿಕ್ಕದಾಗಿ, ಗಟ್ಟಿಯಾಗಿ, ಸೇವಂತಿ ಮೊಗ್ಗಿನ ಹಾಗೆ ಕೂಡಿತು. ಜಗ್ಗಿ ನೋಡಿದಳು. ಅಲುಗಲಿಲ್ಲ.

ಆಯಿ ಕೈ ಹಿಂದೆ ಮಾಡಿ ಗಂಟನ್ನು ಮುಟ್ಟಿದಳು. ಬೆರಳು ಅದರ ಮೇಲೆಯೇ ನಿಂತಿತು.

ಹೊರಗೆ ಕೋತಂಬರಿ ಮಾರುವವಳು ಕೂಗಿದಳು. ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಎಷ್ಟ ಕೊಟ್ಟಿ ದಾರಕ್ಕ?"

ಸುಜಾತಾ ಹಳೆಯ ದಾರವನ್ನು ಬಿಳಿ ಬಟ್ಟೆಯಲ್ಲಿ ಮೊದಲಿನ ಹಾಗೆಯೇ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು.

"ಆಕಿ ಹೇಳಿದಷ್ಟ," ಎಂದಳು.